ಬ್ಯಾಡಗಿಯ ಕಾರಿಗೆ ನಾನು ಹಾಕಿದ ದಪ್ಪ ಎಣ್ಣೆ

ಮನುಷ್ಯನ ಬಾಳನ್ನು ಹುಟ್ಟಿನಿಂದ ಕೊನೆಯವರೆಗೆ ಆಳುವುದು ಭಯವೇ ಎಂದು ಬಲ್ಲವರು ಹೇಳುತ್ತಾರೆ. ಕೆಲವರು ಸಾವಿಗೆ ಹೆದರುತ್ತಾರೆ, ಕೆಲವರು ದೇವರಿಗೆ, ಬಹಳಷ್ಟು ಜನ ಪಕ್ಕದ ಮನೆಯವರಿಗೆ. ನಾನು ಎರಡು ಬೆರಳು ಅಗಲದ ಒಂದು ರಬ್ಬರ್ ಪಟ್ಟಿಗೆ ಹೆದರಿದೆ.

ನನ್ನ ಹೆಸರು ದಸ್ತಗೀರ. ಇಪ್ಪತ್ತಾರು ವರ್ಷ ರಾಣೆಬೆನ್ನೂರಿನಲ್ಲಿ ರಜಾಕ್ ಉಸ್ತಾದರ ಗ್ಯಾರೇಜಿನಲ್ಲಿ, ಅವರು ತೀರಿಕೊಂಡ ಮೇಲೆ ಹನ್ನೆರಡು ವರ್ಷ ಹಾವೇರಿಯ ಹೆದ್ದಾರಿ ಬದಿಯ ಒಂದು ಕಂಪನಿ ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಬಡ್ತಿ ಎರಡು ಸಲ ಸಿಕ್ಕಿತು. ಎರಡು ಸಲವೂ ಅಂಗಿಯ ಬಣ್ಣ ಬದಲಾಯಿತು. ಬಡ್ತಿಯ ವಿಷಯ ಇಲ್ಲಿಗೆ ಮುಗಿಯಿತು.

ಈಗ ಐಟಿಐ ಮುಗಿಸಿ ಈ ಕೆಲಸಕ್ಕೆ ಹೊರಟವರು ಕೆಲವರು ಮನೆಗೆ ಬಂದು, "ಕಾಕಾ, ಹೊಸಾ ಪೆಟ್ರೋಲ್ ಗಾಡಿ ಎಂಜಿನ್ ಕೆಲಸ ಹೆಂಗಿರ್ತೈತ್ರಿ?" ಎಂದು ಕೇಳುತ್ತಾರೆ. ಎಷ್ಟು ಸಿಸಿ, ಎಷ್ಟು ಅಶ್ವಶಕ್ತಿ, ಎಷ್ಟು ಸಾವಿರ ಕಿಲೋಮೀಟರಿಗೆ ಏನು ಬದಲಾಯಿಸಬೇಕು ಎಂಬುದೆಲ್ಲ ಪುಸ್ತಕದಲ್ಲಿದೆ, ಓದಿಕೊಳ್ಳಬಹುದು. ಆ ಪುಸ್ತಕ ನನ್ನ ಹತ್ತಿರವೂ ಇತ್ತು. ಅದು ಇದ್ದೂ ನಾನು ಏನು ಮಾಡಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಮೊದಲು ಉಸ್ತಾದರ ಮಾತು. ರಜಾಕ್ ಉಸ್ತಾದರಿಗೆ ಎರಡು ಉಪಕರಣಗಳ ಮೇಲೆ ನಂಬಿಕೆ. ಒಂದು, ಮೊಳದುದ್ದದ ಸ್ಕ್ರೂಡ್ರೈವರ್. ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ಗ್ಯಾರೇಜಿನಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಎರಡನೆಯದು ಅವರ ಹೆಬ್ಬೆರಳು. ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, "ಇದು ಎಣ್ಣೀನೋ ನೀರೋ? ದಪ್ಪಂದು ಹಾಕಲೇ" ಎನ್ನುತ್ತಿದ್ದರು. ಎಂಜಿನ್ನಿಗೆ ವಯಸ್ಸಾದಷ್ಟೂ ಎಣ್ಣೆ ದಪ್ಪ, ಬಿಸಿಲು ಹೆಚ್ಚಿದಷ್ಟೂ ಎಣ್ಣೆ ದಪ್ಪ, ಸಪ್ಪಳ ಬಂದರಂತೂ ಕೇಳುವುದೇ ಬೇಡ. ಆ ಕಾಲದ ಎಂಜಿನ್ನುಗಳಿಗೆ ಅದು ಸರಿಯಾಗಿಯೇ ಇತ್ತು. ಉಸ್ತಾದರ ತಪ್ಪು ಇದರಲ್ಲಿ ಏನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಹಾವೇರಿಯಲ್ಲಿ ಆ ಹೊಸ ಪೆಟ್ರೋಲ್ ಎಸ್‌ಯುವಿಯ ಬಾನೆಟ್ಟನ್ನು ಮೊದಲ ಸಲ ಎತ್ತಿದಾಗ ನನಗೆ ಸಣ್ಣಗೆ ದಿಗಿಲಾಯಿತು. ಗಾಡಿ ನೋಡಿದರೆ ಎಮ್ಮೆಯ ಗಾತ್ರ. ಒಳಗೆ ಎಂಜಿನ್ ಕೇವಲ ಸಾವಿರದ ಇನ್ನೂರು ಸಿಸಿ, ಮೂರೇ ಸಿಲಿಂಡರ್. ಶಕ್ತಿ ನೂರಿಪ್ಪತ್ತು ಅಶ್ವಶಕ್ತಿ. ಒಂದೊಂದು ಸಿಲಿಂಡರಿನೊಳಗೆ ನಲವತ್ತು ನಲವತ್ತು ಕುದುರೆ ಕಟ್ಟಿದಂತೆ. ಇಷ್ಟು ಕುದುರೆಗಳನ್ನು ಅಷ್ಟು ಸಣ್ಣ ಕೊಟ್ಟಿಗೆಯಲ್ಲಿ ನಿಲ್ಲಿಸಲು ಟರ್ಬೊ ಎಂಬ ಒಂದು ಗಾಳಿಚಕ್ರ ಬೇಕು. ಅದು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ಚಕ್ರದ ಕಡ್ಡಿ ತೇಲುವುದು ಕೂದಲೆಳೆಯಷ್ಟು ಎಣ್ಣೆಯ ಮೇಲೆ. ಇನ್ನು ಎಂಜಿನ್ನಿನ ಮೇಲಿನ ಭಾಗವನ್ನೂ ಕೆಳಗಿನ ಭಾಗವನ್ನೂ ಒಂದೇ ತಾಳದಲ್ಲಿ ತಿರುಗಿಸಲು ಹಳೆಯ ಗಾಡಿಗಳಲ್ಲಿ ಕಬ್ಬಿಣದ ಚೈನು ಇರುತ್ತಿತ್ತು, ಇಲ್ಲವೆ ಎಣ್ಣೆ ತಾಗದಂತೆ ಹೊರಗೆ ಓಡುವ ರಬ್ಬರ್ ಬೆಲ್ಟು. ಈ ಪುಣ್ಯಾತ್ಮರು ರಬ್ಬರ್ ಬೆಲ್ಟನ್ನು ಎಣ್ಣೆಯೊಳಗೇ ಓಡಿಸಿದ್ದರು. ರಬ್ಬರು ಎಣ್ಣೆಯಲ್ಲಿ ನೆನೆದರೆ ಕೆಡುತ್ತದೆ ಎಂದು ರಾಣೆಬೆನ್ನೂರಿನ ಯಾವ ಪಂಕ್ಚರ್ ಅಂಗಡಿಯವನಾದರೂ ಹೇಳುತ್ತಾನೆ. ಇದು ಕೆಡದ ರಬ್ಬರು. ಆದರೆ ಅದಕ್ಕೆಂದೇ ತಯಾರಿಸಿದ ತೆಳು ಎಣ್ಣೆಯಲ್ಲಿ ಇದ್ದರೆ ಮಾತ್ರ. ಆ "ಮಾತ್ರ" ಎಂಬುದು ಪುಸ್ತಕದ ನೂರಾರನೆಯ ಪುಟದಲ್ಲೆಲ್ಲೋ ಇತ್ತು. ನಾನು ಮೊದಲ ಹತ್ತು ಪುಟಗಳನ್ನು ಗೌರವದಿಂದ ಓದಿದ್ದೆ.

ಚನ್ನಬಸಪ್ಪನವರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ, ಉಸ್ತಾದರ ಕಾಲದಿಂದಲೂ ನನ್ನ ಗಿರಾಕಿ. ಅವರ ಜೀಪಿನಿಂದ ಹಿಡಿದು ಎಲ್ಲ ಗಾಡಿಗಳ ಹೊಟ್ಟೆಯೊಳಗೂ ಕೈ ಹಾಕಿದವನು ನಾನು. ಆ ಹೊಸ ಎಸ್‌ಯುವಿಯನ್ನು ಅವರು ತೆಗೆದುಕೊಂಡರು. ಓಡಿಸುತ್ತಿದ್ದವಳು ಅವರ ಮಗಳು ಉಮಾ. ಊರಲ್ಲೇ ಶಾಲೆಯ ಶಿಕ್ಷಕಿ. ಹಾಗಾಗಿ ನಮಗೆಲ್ಲ "ಅಕ್ಕಾರು". ಅವಳ ಮಗಳು ಪುಟ್ಟಿಗೆ ಆಗ ಆರು ವರ್ಷ.

ಆ ಗಾಡಿ ಮೊದಲ ಸರ್ವಿಸಿಗೆ ಬಂದಾಗಲೇ ನನ್ನ ಮರ್ಯಾದೆಗೆ ಸ್ವಲ್ಪ ಧಕ್ಕೆಯಾಯಿತು. ಅದು ಮನೆಯಲ್ಲಿ ನಿಲ್ಲುತ್ತಿದ್ದದ್ದು ಮೆಣಸಿನಕಾಯಿ ಗೋದಾಮಿನ ಬಾಗಿಲ ಪಕ್ಕ. ಏರ್ ಫಿಲ್ಟರ್ ತೆಗೆದರೆ ಕೆಂಪಗಿದೆ. ಹಳೆಯ ರೂಢಿಯಂತೆ ಕಂಪ್ರೆಸರ್ ಗಾಳಿ ಹಿಡಿದು ಊದಿದೆ. ಎರಡೇ ನಿಮಿಷದಲ್ಲಿ ಇಡೀ ವರ್ಕ್‌ಶಾಪು ಸೀನತೊಡಗಿತು. ಗಾಜಿನ ಕೋಣೆಯಲ್ಲಿ ಕಾಯುತ್ತಿದ್ದ ಗಿರಾಕಿಗಳು ಹೊರಗೆ ಓಡಿದರು. ನಮ್ಮ ಮ್ಯಾನೇಜರ್ ಸಂಗೀತಾ ಮೇಡಂ, ವಯಸ್ಸಿನಲ್ಲಿ ನನ್ನ ಅರ್ಧ, ಧಾರವಾಡದ ಕಡೆಯವರು, ಕಣ್ಣಲ್ಲಿ ನೀರು ಸುರಿಸುತ್ತ ಬಂದು ನಿಂತರು.

"ದಸ್ತಗೀರಣ್ಣಾ, ಇದು ಸರ್ವಿಸ್ ಸೆಂಟರ್ ಐತೋ, ಒಗ್ಗರಣಿ ಮನಿಯೋ?"

"ಫಿಲ್ಟರ್ ಸ್ವಚ್ಛ ಮಾಡಾಕತ್ತೇನಿ ಮೇಡಂ."

"ಕಾಗದದ ಫಿಲ್ಟರ್ ಊದಿದ್ರ ತೂತು ಬೀಳ್ತಾವ್ರಿ. ಆ ಖಾರಪುಡಿ ಎಲ್ಲಾ ಟರ್ಬೊಕ್ಕ ಹೋಗ್ತೈತಿ. ಊದಬ್ಯಾಡ್ರಿ, ಒಗೀರಿ. ಹೊಸಾದು ಹಾಕ್ರಿ."

ಮೆಣಸಿನಕಾಯಿ ಸುಗ್ಗಿಯ ಊರಲ್ಲಿ ಗಾಡಿ ಇರುವವರು ಪುಸ್ತಕದಲ್ಲಿ ಹೇಳಿದ ಅರ್ಧ ದೂರಕ್ಕೇ ಏರ್ ಫಿಲ್ಟರ್ ಬದಲಿಸಬೇಕು. ಇದು ಪುಸ್ತಕದಲ್ಲಿಲ್ಲ, ನನ್ನ ಮೂಗಿನಿಂದ ಕಲಿತದ್ದು. ಆದರೆ ಅಂದು ನಾನು ಕಲಿತದ್ದು ಅದಲ್ಲ. ಎಲ್ಲರ ಮುಂದೆ ಮಗಳ ವಯಸ್ಸಿನವಳಿಂದ ಹೇಳಿಸಿಕೊಂಡೆನಲ್ಲ ಎಂಬ ಖಾರ ಗಂಟಲಲ್ಲೇ ಉಳಿಯಿತು.

ಮುಂದಿನ ಸರ್ವಿಸಿಗೆ ಚನ್ನಬಸಪ್ಪನವರೇ ಬಂದರು. ಬೆಳಿಗ್ಗೆ ಗಾಡಿ ಶುರು ಮಾಡಿದಾಗ ಕಟಕಟ ಸಪ್ಪಳ ಬರುತ್ತದೆ ಎಂಬ ದೂರು. ಮೇಡಂ ಲ್ಯಾಪ್‌ಟಾಪ್ ಜೋಡಿಸಿ ನೋಡಿದರು. ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಎಂಜಿನ್ ಇದು, ಚಿಮ್ಮುವ ಸದ್ದೇ ಹಾಗೆ, ದೋಷವೇನಿಲ್ಲ ಎಂದರು. ಸರಿಯಾಗಿಯೇ ಹೇಳಿದರು. ಚನ್ನಬಸಪ್ಪನವರು ತಲೆಯಾಡಿಸಿ, ಮೇಡಂ ಆ ಕಡೆ ಹೋದ ಕೂಡಲೇ ನನ್ನ ಹೆಗಲ ಮೇಲೆ ಕೈ ಹಾಕಿದರು.

"ದಸ್ತಗೀರಾ, ನಮ್ಮ ಗಾಡಿ ಹುರಗಡ್ಲಿ ಹುರದಂಗ ಸಪ್ಪಳ ಮಾಡತೈತಿ. ಆ ಕಂಪ್ಯೂಟರಿಗೆ ಕಿವಿ ಇಲ್ಲ. ನಿನಗ ಅದಾವಲ್ಲ?"

"ಅದಾವ್ರಿ ಸಾವಕಾರ್ರ."

"ಮತ್ತ ಏನರ ಮಾಡೋ ಮಾರಾಯಾ."

ಈ "ಏನರ ಮಾಡೋ" ಎಂಬ ಮಾತು ಬಹಳ ಅಪಾಯದ್ದು. ಹೊಗಳಿಕೆಯಂತೆ ಕಿವಿಗೆ ಬೀಳುತ್ತದೆ. ನಾನು ಪುಸ್ತಕ ಹೇಳಿದ ಎಣ್ಣೆಯ ಒಂದೊಂದು ಲೀಟರಿನ ನಾಲ್ಕು ಡಬ್ಬಿಗಳನ್ನು ಕಪಾಟಿನಿಂದ ಇಳಿಸಿದೆ. ಒಂದರ ಮುಚ್ಚಳ ತೆಗೆದು ಬೆರಳಿಗೆ ಹಚ್ಚಿ ತಿಕ್ಕಿದೆ. ತೀರ್ಥದಂತೆ ಜಾರಿ ಅಂಗೈಗಿಳಿಯಿತು. ಏಪ್ರಿಲ್ ತಿಂಗಳ ಬಿಸಿಲು. ಇದನ್ನು ಉಸ್ತಾದರು ನೋಡಿದ್ದರೆ ನನ್ನನ್ನು ಗ್ಯಾರೇಜಿನಿಂದ ಹೊರಗೆ ಹಾಕುತ್ತಿದ್ದರು ಎನಿಸಿತು. ಡಬ್ಬಿಗೆ ಮುಚ್ಚಳ ಹಾಕಿ ನಾಲ್ಕನ್ನೂ ನನ್ನ ಸಾಮಾನಿನ ಪೆಟ್ಟಿಗೆಯ ಹಿಂದೆ ಸರಿಸಿದೆ. ಹಳೆಯ ಡೀಸೆಲ್ ಗಾಡಿಗಳಿಗೆ ಇಟ್ಟ ಪೀಪಾಯಿಯಿಂದ ಜೇನಿನಂಥ ದಪ್ಪ ಎಣ್ಣೆ ಹಿಡಿದು ಸುರಿದೆ. ಗಾಡಿಗೆ ಏನೇನು ಹಾಕಿದೆವೆಂದು ಬರೆದಿಡುವ ಜಾಬ್ ಕಾರ್ಡಿನಲ್ಲಿ ತೆಳು ಎಣ್ಣೆಯ ನಂಬರನ್ನೇ ದುಂಡಗೆ ಬರೆದು ಸಹಿ ಮಾಡಿದೆ.

ಸಪ್ಪಳ ಖರೇನೇ ಕಡಿಮೆಯಾಯಿತು. ಚನ್ನಬಸಪ್ಪನವರು ಎಂಜಿನ್ ಶುರು ಮಾಡಿ, ಕಿವಿಗೊಟ್ಟು, "ನೋಡ್ರಿ, ಕೈಗುಣ ಅಂದ್ರ ಇದು" ಎಂದು ಸುತ್ತಲಿದ್ದವರಿಗೆ ಕೇಳುವಂತೆ ಹೇಳಿದರು. ನಾನು ಹಿಗ್ಗಿ, ಯಾರೂ ಕೇಳದ ಸಲಹೆಯನ್ನೂ ಕೊಟ್ಟೆ: "ಇನ್ನ ಒಂದೂವರಿ ವರ್ಷ ಇದರ ತಂಟೇಕ ಬರಬ್ಯಾಡ್ರಿ."

ಅವರು ಬರಲಿಲ್ಲ. ಸರ್ವಿಸ್ ಸೆಂಟರಿನಿಂದ ನೆನಪಿನ ಫೋನು ಹೋದಾಗಲೆಲ್ಲ, "ನಮ್ಮ ದಸ್ತಗೀರ ಹೇಳ್ಯಾನ, ಬ್ಯಾಡ" ಎಂದು ಇಟ್ಟರಂತೆ. ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟ ಮತ್ತೊಬ್ಬರನ್ನು ನಾನು ನೋಡಿಲ್ಲ.

ಹತ್ತು ತಿಂಗಳು ಕಳೆದ ಮೇಲೆ, ಬೆಳಗಿನ ಚಳಿ ಇನ್ನೂ ಬಿಡದ ಫೆಬ್ರುವರಿಯಲ್ಲಿ, ಹುಬ್ಬಳ್ಳಿಯಲ್ಲಿ ಒಂದು ದಿನದ ತರಬೇತಿಗೆ ನನ್ನನ್ನು ಕಳಿಸಿದರು. ಪಾಠ ಹೇಳುವವನು ತೆಳ್ಳಗಿನ ಹುಡುಗ, ಕೊರಳಲ್ಲಿ ಗುರುತಿನ ಚೀಟಿ ತೂಗುವ ಜಾತಿ. ಮೇಜಿನ ಮೇಲೆ ಎರಡು ಬೆಲ್ಟ್ ಇಟ್ಟ. ಒಂದು ಹೊಸದು. ಇನ್ನೊಂದು ಊದಿಕೊಂಡು, ಬೆನ್ನೆಲ್ಲ ಬಿರುಕು ಬಿಟ್ಟು, ಅಂಚಿನಲ್ಲಿ ನೂಲು ಕಿತ್ತು ಬಂದಿತ್ತು. ಅದನ್ನು ಕೈಯಿಂದ ಕೈಗೆ ಕೊಡಿರಿ ಎಂದ. ನನ್ನ ಕೈಗೆ ಬಂದಾಗ ಕಪ್ಪು ಚೂರುಗಳು ಹೆಬ್ಬೆರಳಿಗೆ ಅಂಟಿದವು.

"ಇದು ತಪ್ಪು ಎಣ್ಣಿ ಹಾಕಿದ ಗಾಡೀದು" ಎಂದ ಆತ. "ಎಣ್ಣಿ ರಬ್ಬರ್ ತಿಂತೈತಿ. ಚೂರು ಉದುರಿ ಎಂಜಿನ್ ತಳದಾಗ ಬೀಳ್ತಾವು. ಅಲ್ಲಿ ಎಣ್ಣಿ ಎತ್ತೂ ಪಂಪಿನ ಬಾಯಿಗೆ ಒಂದು ಜಾಳಗಿ ಐತಿ. ಅದು ಕಟ್ಟಿಕೋತೈತಿ. ಎಣ್ಣಿ ಮ್ಯಾಲ ಏರೂದಿಲ್ಲ. ಆದ್ರ ಅದಕ್ಕಿಂತ ಮೊದಲ ಇನ್ನೊಂದು ಆಗ್ತೈತಿ."

ಆ ಇನ್ನೊಂದನ್ನು ಅವನು ಆರಾಮಾಗಿ ವಿವರಿಸಿದ. ಹಳೆಯ ಪೆಟ್ರೋಲ್ ಎಂಜಿನ್ನು ಗಾಳಿಯನ್ನು ತಾನೇ ಎಳೆದುಕೊಳ್ಳುತ್ತಿತ್ತು. ಆ ಎಳೆತದ ಬಲವೇ ನಮ್ಮ ಕಾಲಿಗೆ ನೆರವಾಗಿ ಬ್ರೇಕು ಹಗುರವಾಗುತ್ತಿತ್ತು. ಟರ್ಬೊ ಗಾಡಿಯಲ್ಲಿ ಗಾಳಿಯನ್ನು ಒಳಗೆ ದಬ್ಬುವುದರಿಂದ ಆ ಎಳೆತವನ್ನು ನೆಚ್ಚುವಂತಿಲ್ಲ. ಅದಕ್ಕೆ ಬೇರೆ ಒಂದು ಸಣ್ಣ ಪಂಪು. ಆ ಪಂಪಿಗೂ ಇದೇ ಎಣ್ಣೆ ಹೋಗಬೇಕು, ಸೂಜಿಯಂಥ ತೂತಿನಿಂದ. ರಬ್ಬರ್ ಚೂರು ಮೊದಲು ಅಲ್ಲಿ ಸಿಗುತ್ತದೆ.

"ಆಮ್ಯಾಲೆ?" ಎಂದು ನನ್ನ ಪಕ್ಕದವನು ಕೇಳಿದ.

"ಆಮ್ಯಾಲೇನು? ಬ್ರೇಕ್ ಕಲ್ಲಾಗ್ತೈತಿ. ಯಾರರ ಹಿಂಗ ದಪ್ಪ ಎಣ್ಣಿ ಹಾಕೀರೇನ್ರಪಾ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಅಂದು ಸಂಜೆ ಹಾವೇರಿಗೆ ಬರುವ ಬಸ್ಸಿನಲ್ಲಿ ಚಾಲಕನ ಹಿಂದಿನ ಸೀಟಿನಲ್ಲೇ ಕೂತೆ. ಅವನು ಬ್ರೇಕ್ ಒತ್ತಿದಾಗಲೆಲ್ಲ ಬರುವ ಉಸ್ಸೆಂಬ ಸದ್ದನ್ನು ಎಣಿಸುತ್ತಿದ್ದೆ. ಕೈಗೆ ಅಂಟಿದ್ದ ಕಪ್ಪನ್ನು ಹುಬ್ಬಳ್ಳಿಯಲ್ಲೇ ಸೋಪು ಹಚ್ಚಿ ತೊಳೆದಿದ್ದೆ. ಆದರೂ ಹೆಬ್ಬೆರಳನ್ನು ತಿಕ್ಕುತ್ತಲೇ ಇದ್ದೆ. ಚನ್ನಬಸಪ್ಪನವರ ಮನೆಗೆ ಫೋನು ಮಾಡಿದೆ. ಉಮಾ ಎತ್ತಿದಳು.

"ಗಾಡಿ ಹೆಂಗೈತ್ರಿ ಅಕ್ಕಾರ?"

"ಛಲೋ ಐತಿ ಕಾಕಾ. ಬೆಳಿಗ್ಗೆ ಬೆಳಿಗ್ಗೆ ಬ್ರೇಕ್ ಒಂದೀಟು ಗಟ್ಟಿ ಅನಸ್ತೈತಿ. ಎಂಟು ದಿನ ಆತು. ಚಳಿಗೇನೋ."

ಆಗ ಹೇಳಬೇಕಾಗಿದ್ದದ್ದು ಒಂದೇ ಮಾತು: ಗಾಡಿ ಮುಟ್ಟಬೇಡಿ. ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂಬುದಕ್ಕೆ ನನ್ನ ಹತ್ತಿರ ಒಂದೇ ಉತ್ತರವಿತ್ತು, ಅದನ್ನು ಹೇಳಲು ಬಾಯಿ ಬರಲಿಲ್ಲ. "ಕಂಪನಿಯಿಂದ ಫ್ರೀ ಚೆಕಪ್ ಐತ್ರಿ. ನಾಳೆ ನಾನ ಬಂದು ಒಯ್ತೇನಿ" ಎಂದೆ. ಗಾಡಿಯನ್ನು ಲಾರಿಯ ಮೇಲೆ ಏರಿಸಿ ತರಿಸಬಹುದಿತ್ತು. ಅದಕ್ಕೆ ಮೇಡಂಗೆ ಹೇಳಬೇಕಿತ್ತು. ಮೆಲ್ಲಗೆ ನಾನೇ ಓಡಿಸಿಕೊಂಡು ಬಂದು, ಮೆಲ್ಲಗೆ ಬಿಚ್ಚಿ, ಮೆಲ್ಲಗೆ ಸರಿ ಮಾಡಿಬಿಡುತ್ತೇನೆ ಎಂಬುದು ನನ್ನ ಯೋಜನೆ.

ಮರುದಿನ ಬೆಳಿಗ್ಗೆ ಬ್ಯಾಡಗಿಯಲ್ಲಿ ಅವರ ಅಂಗಳಕ್ಕೆ ಹೋದರೆ ಉಮಾ ಸಿದ್ಧಳಾಗಿ ನಿಂತಿದ್ದಾಳೆ, ಪಕ್ಕದಲ್ಲಿ ಪುಟ್ಟಿ. ಮಗುವಿಗೆ ಹಲ್ಲು ನೋವು, ಹಾವೇರಿಯ ಡಾಕ್ಟರ ಹತ್ತಿರ ಹೋಗಬೇಕು. ಹೇಗೂ ಗಾಡಿ ಅಲ್ಲಿಗೇ ಹೋಗುತ್ತದಲ್ಲ.

"ಅಕ್ಕಾರ, ನೀವು ಬಸ್ಸಿಗೆ ಬರ್ರಿ. ನಾ ಗಾಡಿ ತರ್ತೇನಿ."

"ನಮ್ಮ ಗಾಡಿ ಬಿಟ್ಟು ನಾ ಬಸ್ಸಿಗೆ ಬರೂದಾ? ಏನ್ ಕಾಕಾ, ರಾತ್ರಿ ನಿದ್ದಿ ಆಗಿಲ್ಲೇನು?"

ಚನ್ನಬಸಪ್ಪನವರು ಕಟ್ಟೆಯ ಮೇಲೆ ಕೂತು ನಕ್ಕರು. "ದಸ್ತಗೀರಾ, ಮುಖ ಯಾಕ ಹಿಂಗ ಐತಿ? ನಿನಗೂ ಹಲ್ಲು ನೋವೇನು? ಕುಂದ್ರು, ಚಾ ಕುಡಿ."

ಚಹಾ ಬರುವುದರೊಳಗೆ ಬಾನೆಟ್ ಎತ್ತಿ ಎಣ್ಣೆಯ ಅಳತೆಕಡ್ಡಿ ಎಳೆದೆ. ಎಣ್ಣೆ ಕಪ್ಪಗಿತ್ತು, ಪೆಟ್ರೋಲಿನ ವಾಸನೆಯೂ ಇತ್ತು. ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಎಂದು ಎಂಜಿನ್ ಕಾಯುವ ಮೊದಲೇ ನಿಲ್ಲಿಸುವ ಗಾಡಿಗಳಲ್ಲಿ ಪೆಟ್ರೋಲು ಹೀಗೆ ಎಣ್ಣೆಗೆ ಸೇರುತ್ತದೆ. ಅಂಥ ಗಾಡಿಗೆ ಎಣ್ಣೆಯನ್ನು ಇನ್ನೂ ಬೇಗ ಬದಲಿಸಬೇಕು. ನಾನು ಒಂದೂವರೆ ವರ್ಷ ಬೇಡ ಎಂದಿದ್ದೆ. ಕಡ್ಡಿಯನ್ನು ಬಿಳಿ ಬಟ್ಟೆಗೆ ಒರೆಸಿದೆ. ಬಟ್ಟೆಯ ಮೇಲೆ ಚಹಾಪುಡಿಯಂಥ ಚೂರುಗಳು ಉಳಿದವು. ಬೆರಳಲ್ಲಿ ಒತ್ತಿ ನೋಡಿದೆ. ಮೆತ್ತಗಿದ್ದವು.

"ಹೆಂಗೈತೊ?" ಎಂದರು ಚನ್ನಬಸಪ್ಪನವರು.

"ನೋಡೂಣ್ರಿ" ಎಂದೆ. ಬಟ್ಟೆಯನ್ನು ಮಡಚಿ ಜೇಬಿಗಿಟ್ಟೆ.

ಉಮಾ ಹಿಂದಿನ ಬಾಗಿಲು ತೆಗೆದು ಪುಟ್ಟಿಯನ್ನು ಕೂರಿಸಿ ಸೀಟಿನ ಪಟ್ಟಿ ಕಟ್ಟಿದಳು. ನಾನು ನೋಡುತ್ತ ನಿಂತಿದ್ದೆ. ಕೀಲಿ ಕೊಡಿ, ನಾನೇ ಓಡಿಸುತ್ತೇನೆ ಎಂದೆ. "ಬಿಚ್ಚಾಕ ನೀವು ಛಲೋ ಕಾಕಾ, ಓಡಸಾಕ ನಾನು" ಎಂದು ಚಾಲಕನ ಸೀಟಿನಲ್ಲಿ ಕೂತಳು. ಮೂವತ್ತೇಳು ವರ್ಷದ ಅನುಭವವುಳ್ಳ ನಾನು ಆ ಪಕ್ಕದ ಸೀಟಿನಲ್ಲಿ ಕೂತೆ. ಇದನ್ನು ಓದುವವರು ನನ್ನ ಬಗ್ಗೆ ಏನು ಬೇಕಾದರೂ ಅಂದುಕೊಳ್ಳಬಹುದು. ನಾನು ಅಂದುಕೊಂಡಷ್ಟು ಕೆಟ್ಟದಾಗಿ ಅಂದುಕೊಳ್ಳಲಾರಿರಿ.

ಮೋಟೆಬೆನ್ನೂರಿಗೆ ಹೋಗುವ ರಸ್ತೆಯಲ್ಲಿ ಅಂದು ಮಾರುಕಟ್ಟೆಯ ದಿನದ ಗದ್ದಲ. ಎದುರಿಗೆ ಬರುವವೂ ನಮ್ಮ ಮುಂದೆ ಹೋಗುವವೂ ಮೆಣಸಿನಕಾಯಿ ಚೀಲ ಹೇರಿದ ಲಾರಿಗಳು. ನಾನು ಕಾಲ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತ ಕೂತಿದ್ದೆ.

"ಮೆಲ್ಲಕ್ಕ ಹೊಡೀರಿ ಅಕ್ಕಾರ."

"ನಲವತ್ತರಾಗ ಅದೀನಿ ಕಾಕಾ. ಇನ್ನ ಮೆಲ್ಲಕ್ಕಂದ್ರ ಇಳದು ದೂಡಬೇಕು."

"ಮುಂದಿನ ಲಾರಿಗೆ ಅಂತರ ಬಿಡ್ರಿ."

"ಬಿಟ್ಟೇನಿ. ಯಾಕ, ಇವತ್ತ ನನಗ ಲೈಸನ್ಸ್ ಪರೀಕ್ಷಾ ಏನು?"

ಹಿಂದಿನಿಂದ ಪುಟ್ಟಿ, "ಅವ್ವಾ, ಅಜ್ಜ ಅಂಜ್ಯಾನ" ಎಂದಳು. ನನ್ನನ್ನು ಬಿಟ್ಟರೆ ಆ ಗಾಡಿಯಲ್ಲಿ ವಿಷಯ ತಿಳಿದಿದ್ದವಳು ಅವಳೊಬ್ಬಳೇ.

ಈಗ ಹೇಳುತ್ತೇನೆ, ಆ ತಿರುವು ದಾಟಿದ ಮೇಲೆ ಹೇಳುತ್ತೇನೆ, ಹೆದ್ದಾರಿ ಬರುವ ಮೊದಲು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಬಾಯಿ ತೆರೆದಾಗಲೆಲ್ಲ ಬೇರೆಯೇ ಮಾತು ಹೊರಗೆ ಬರುತ್ತಿತ್ತು: ಟೈರಿನ ಗಾಳಿ, ಮಳೆ, ಶಾಲೆಯ ರಜೆ. ರಸ್ತೆ ಇಳಿಜಾರಾಯಿತು. ಆಗ ಮುಂದಿನ ಫಲಕದಲ್ಲಿ ಎಣ್ಣೆಯ ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ಚಹಾದ ಕಿಟ್ಲಿಯಂಥ ಆ ಸಣ್ಣ ಚಿತ್ರವನ್ನು ಸಾವಿರ ಸಲ ನೋಡಿದ್ದೇನೆ. ಆವತ್ತು ಅದು ನನ್ನ ಹೆಸರು ಹಿಡಿದು ಕರೆದಂತಾಯಿತು.

"ಅದೇನು ಕಾಕಾ, ಕೆಂಪಗ?"

"ಅಕ್ಕಾರ, ಗಾಡಿ ಬದಿಗೆ…"

ಅಷ್ಟರಲ್ಲಿ ಮುಂದಿನ ಲಾರಿ ನಿಂತಿತು. ರಸ್ತೆಗೆ ಅಡ್ಡ ಬಂದ ಟ್ರ್ಯಾಕ್ಟರ್ ಕಂಡು ಚಾಲಕ ಒಮ್ಮೆಲೇ ಬ್ರೇಕ್ ಹಾಕಿದ್ದ. ಉಮಾ ಕಾಲು ಒತ್ತಿದಳು. ಪೆಡಲು ಇಳಿಯಲಿಲ್ಲ.

"ಕಾಕಾ, ಬ್ರೇಕ್ ಇಲ್ಲಾ!"

"ಐತಿ! ಐತಿ! ಎರಡೂ ಕಾಲು ಹಾಕು! ಎದ್ದು ನಿಂತು ಒತ್ತಬೇ!"

ನೆರವಿನ ಬಲ ಹೋದರೂ ಬ್ರೇಕು ಪೂರ್ತಿ ಸಾಯುವುದಿಲ್ಲ, ಹತ್ತು ಪಟ್ಟು ಬಲ ಕೇಳುತ್ತದೆ. ನನ್ನ ಇಡೀ ವೃತ್ತಿಯಲ್ಲಿ ನಾನು ಸರಿಯಾದ ಹೊತ್ತಿಗೆ ಹೇಳಿದ ಮಾತು ಅದೊಂದೇ ಇರಬೇಕು. ಅವಳು ಸ್ಟೇರಿಂಗ್ ಹಿಡಿದು ಸೀಟಿನಿಂದ ಎದ್ದು ಎರಡೂ ಕಾಲಿನ ಮೇಲೆ ಮೈಯ ಭಾರ ಬಿಟ್ಟಳು. ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಗಾಡಿ ಕಿರುಚಿ, ಅಲುಗಾಡಿ, ಎಂಜಿನ್ ಬಂದಾಗಿ ನಿಂತಿತು. ಲಾರಿಯ ಹಿಂದೆ ತೂಗುತ್ತಿದ್ದ ಚೀಲ ನಮ್ಮ ಗಾಜಿನ ಮುಂದೆ ಒಂದು ಗೇಣು ದೂರದಲ್ಲಿತ್ತು. ಅದರ ಮೇಲೆ ನೀಲಿ ಬಣ್ಣದಲ್ಲಿ ಬರೆದ ಅಡತಿ ಅಂಗಡಿಯ ಗುರುತನ್ನು ನಾನು ಓದಿದೆ. ಎರಡು ಸಲ ಓದಿದೆ. ಬೇರೆ ಕಡೆ ನೋಡಲು ಧೈರ್ಯವಿರಲಿಲ್ಲ.

ಮೊದಲು ಮಾತಾಡಿದವಳು ಪುಟ್ಟಿ. "ಹಲ್ಲು ನೋವು ಹೋತು" ಎಂದಳು.

ಉಮಾ ಮಗಳನ್ನು ಇಳಿಸಿಕೊಂಡು ರಸ್ತೆಬದಿಯ ಬೇವಿನ ಮರದ ಕೆಳಗೆ ನಿಂತಳು. ನಾನು ಜೇಬಿನಿಂದ ಬಟ್ಟೆ ತೆಗೆದು, ಬಿಡಿಸಿ, ಅವಳ ಮುಂದೆ ಹಿಡಿದೆ. ಎಲ್ಲ ಹೇಳಿದೆ: ದಪ್ಪ ಎಣ್ಣೆ, ಬೆಲ್ಟು, ಕಾರ್ಡಿನಲ್ಲಿ ಬರೆದ ಸುಳ್ಳು, ಹುಬ್ಬಳ್ಳಿಯ ತರಬೇತಿ. ಅವಳು ಪಾಠ ಒಪ್ಪಿಸುವ ಹುಡುಗನ ಮುಂದೆ ಶಿಕ್ಷಕಿ ನಿಂತಂತೆ ನಿಂತಿದ್ದಳು.

"ಈ ಅರಿವಿ ಯಾವಾಗಿಂದು?"

"ಇವತ್ತ ಬೆಳಿಗ್ಗೆದು. ಚಾ ಕುಡಿಯೂಮುಂದ."

"ಅಂದ್ರ ನಿಮಗ ಅಂಗಳದಾಗ ಗೊತ್ತಾಗಿತ್ತು."

"ಗೊತ್ತಾಗಿತ್ರಿ."

"ಪುಟ್ಟಿಗೆ ಪಟ್ಟಿ ಕಟ್ಟೂದು ನೋಡಿದ್ರಿ?"

"ನೋಡಿದೆ."

ಅವಳು ಬೈದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಆಟೋ ನಿಲ್ಲಿಸಿ ಮಗಳನ್ನು ಹತ್ತಿಸಿ, ಕೀಲಿಯನ್ನು ನನ್ನ ಕೈಗೆ ಕೊಡದೆ ಬಾನೆಟ್ಟಿನ ಮೇಲೆ ಇಟ್ಟು ಹೋದಳು.

ಆಗ ಮೇಡಂಗೆ ಫೋನು ಮಾಡಿದೆ. ಅವರು ಗಾಡಿ ಹೇರಿಕೊಳ್ಳುವ ಲಾರಿಯ ಜೊತೆಗೆ ತಾವೇ ಬಂದರು. ನಾನು ಹೇಳುವುದನ್ನೆಲ್ಲ ಕೇಳಿ ಆ ಬಟ್ಟೆಯನ್ನು ತೆಗೆದಿಟ್ಟುಕೊಂಡರು.

"ದಸ್ತಗೀರಣ್ಣಾ, ನಾ ಹುಟ್ಟೂಕಿಂತ ಮೊದಲ ನೀವು ನಟ್ಟು ಬಿಚ್ಚೂ ಪಾನಾ ಹಿಡದೀರಿ. ನಿಮಗ ಬಯ್ಯಾಕ ನನಗ ಬರೂದಿಲ್ಲ. ನನಗೇನು ಹೇಳಿದ್ರಿ, ಅದನ್ನ ಬರದು ಸಹಿ ಮಾಡಿ ಕೊಡ್ರಿ. ಹಳೇ ಕಾರ್ಡಿನ ಮ್ಯಾಲೂ ಖರೇ ಎಣ್ಣಿ ಯಾವುದು ಅಂತ ಬರೀರಿ."

ಬರೆದುಕೊಟ್ಟೆ. ಅಕ್ಷರ ಮೊದಲಿನಷ್ಟು ದುಂಡಗೆ ಬರಲಿಲ್ಲ.

ಮಧ್ಯಾಹ್ನ ಚನ್ನಬಸಪ್ಪನವರು ಬಂದರು. ಇವರಿಗೆ ಹೆದರಿದಷ್ಟು ನಾನು ಆ ಇಳಿಜಾರಿನಲ್ಲೂ ಹೆದರಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರು ನನ್ನ ಹೆಗಲ ಮೇಲೆ ಕೈ ಹಾಕದೆ ದೂರದ ಕುರ್ಚಿಯಲ್ಲಿ ಕೂತರು.

"ದಸ್ತಗೀರಾ, ಹಳೇ ಮೆಣಸಿನಕಾಯಿಗೆ ಎಣ್ಣಿ ಹಚ್ಚಿ ಹೊಳಪು ಬರಸೂ ಮಂದಿ ಇರ್ತಾರ. ನಾ ಜಲ್ಮ ಪೂರ್ತಿ ಅವರನ್ನ ಬೈಕೋಂತ ಬಂದೇನಿ."

"ಗೊತ್ತೈತ್ರಿ ಸಾವಕಾರ್ರ."

"ಸಪ್ಪಳ ಕೇಳಬಾರದು ಅಂತ ನಾ ಅಂದೆ. ನೀ ಎಣ್ಣಿ ಹಚ್ಚಿದಿ. ಇಬ್ಬರೂ ಕೂಡಿ ಆ ಹುಡುಗೀನ ಅದರಾಗ ಕುಂದ್ರಿಸಿದಿವಿ."

ಅವರು "ಇಬ್ಬರೂ" ಎಂದದ್ದು ದೊಡ್ಡತನ. ಅದರಲ್ಲಿ ಅವರ ಪಾಲು ಬಹಳ ಸಣ್ಣದು.

ಹೊಸಬರಿಗೆ ಹೇಳಬೇಕಾದ್ದು ಎರಡೋ ಮೂರೋ ಇವೆ. ಎಣ್ಣೆಯನ್ನು ಬೆರಳಿನಿಂದ ಅಳೆಯಬೇಡಿ, ಡಬ್ಬಿಯ ಮೇಲಿನ ನಂಬರನ್ನೂ ಪುಸ್ತಕದ ನಂಬರನ್ನೂ ಎದುರುಬದುರಿಟ್ಟು ಓದಿ. ಟರ್ಬೊ ಗಾಡಿ ಹೆದ್ದಾರಿಯಿಂದ ಓಡಿ ಬಂದರೆ ಅರ್ಧ ನಿಮಿಷ ಸುಮ್ಮನೆ ಓಡಗೊಟ್ಟು ಆಮೇಲೆ ಬಂದ್ ಮಾಡಲು ಗಿರಾಕಿಗೆ ಹೇಳಿ. ಗಟ್ಟಿ ಬ್ರೇಕನ್ನು ಚಳಿಯ ತಲೆಗೆ ಕಟ್ಟಬೇಡಿ. ಇನ್ನು ತಪ್ಪು ಮಾಡಬೇಡಿ ಎಂದು ಹೇಳುವ ಯೋಗ್ಯತೆ ನನಗಿಲ್ಲ, ಮಾಡುತ್ತೀರಿ. ಮಾಡಿದ್ದು ತಿಳಿದ ಕೂಡಲೇ ಬಾಯಿ ಬಿಡಿ. ಹುಬ್ಬಳ್ಳಿಯಲ್ಲಿ ನಾನು ನಕ್ಕ ಆ ನಗೆಗೂ ಲಾರಿಯ ಚೀಲಕ್ಕೂ ನಡುವೆ ಒಂದು ರಾತ್ರಿ, ಒಂದು ಗೇಣು ಮಾತ್ರ ಇತ್ತು. ಇಂದಿಗೂ ಯಾರಾದರೂ ನನ್ನೆದುರು ಬಿಳಿ ಬಟ್ಟೆ ಝಾಡಿಸಿದರೆ ಅದರಲ್ಲಿ ಕಪ್ಪು ಚೂರು ಹುಡುಕುತ್ತೇನೆ.

ಚನ್ನಬಸಪ್ಪನವರು ಬಂದುಹೋದ ಮರುದಿನ ಎಂಜಿನ್ನಿನ ತಳದ ತಟ್ಟೆ ಬಿಚ್ಚಿದೆವು. ಜಾಳಿಗೆಯ ಮುಕ್ಕಾಲು ಪಾಲು ಕಪ್ಪು ಚೂರುಗಳಿಂದ ಮುಚ್ಚಿತ್ತು. ಬೆಲ್ಟಿನ ಒಂದು ಅಂಚು ಉದ್ದಕ್ಕೂ ಕಿತ್ತು ಹೋಗಿತ್ತು. ಟರ್ಬೊ ಕೆಟ್ಟಿರಲಿಲ್ಲ. ಬೆಲ್ಟು, ಎಣ್ಣೆಯ ಪಂಪು, ಬ್ರೇಕಿನ ಪಂಪು ಮೂರನ್ನೂ ಹೊಸದು ಹಾಕಿದೆವು. ಎಣ್ಣೆಯ ದಾರಿಗಳನ್ನೆಲ್ಲ ತೊಳೆದೆವು. ಅಷ್ಟಕ್ಕೆ ಒಂಬತ್ತು ದಿನ ಹಿಡಿಯಿತು. ಎಣ್ಣೆಯ ಕಪಾಟಿನ ಕೀಲಿಯನ್ನು ಮೇಡಂ ನನ್ನಿಂದ ತೆಗೆದುಕೊಂಡರು. ನಿವೃತ್ತಿಯವರೆಗಿನ ಹನ್ನೊಂದು ತಿಂಗಳು ಅದು ನನ್ನ ಹತ್ತಿರ ಬರಲಿಲ್ಲ.

ಹತ್ತನೆಯ ದಿನ ಉಮಾ ಒಬ್ಬಳೇ ಬಂದಳು. ಎಣ್ಣೆ ಹಾಕುವಾಗ ಪಕ್ಕದಲ್ಲೇ ನಿಂತು ಪ್ರತಿ ಡಬ್ಬಿಯ ನಂಬರನ್ನು ಪುಸ್ತಕಕ್ಕೆ ಹೋಲಿಸಿ ಓದಿದಳು. ನನ್ನ ಪೆಟ್ಟಿಗೆಯ ಹಿಂದೆ ಹತ್ತು ತಿಂಗಳಿಂದ ಕೂತಿದ್ದ ಆ ನಾಲ್ಕು ಡಬ್ಬಿಗಳನ್ನು ಮೇಡಂ ಪಕ್ಕಕ್ಕಿಡಿಸಿ ಕಪಾಟಿನಿಂದ ಹೊಸ ನಾಲ್ಕು ತರಿಸಿದ್ದರು. ಎಂಜಿನ್ ಮೂರೂಮುಕ್ಕಾಲು ಲೀಟರ್ ಹಿಡಿಯಿತು. ಉಳಿದ ಕಾಲು ಲೀಟರನ್ನು ಅವಳು ನನ್ನ ಹತ್ತಿರ ಬಿಡದೆ ಮುಚ್ಚಳ ಬಿಗಿದು ತಾನೇ ಒಯ್ದಳು.